ಒಂದು ಅಗುಳಿನ ಸಾಕ್ಷಿ

ಅನ್ನ ಬೆಂದಿದೆಯೋ ಇಲ್ಲವೋ ನೋಡುವುದಕ್ಕೆ ಇಡೀ ಪಾತ್ರೆಯನ್ನು ಯಾರೂ ಹಿಚುಕುವುದಿಲ್ಲ, ಒಂದು ಅಗುಳು ಸಾಕು. ಆ ಆಸ್ಪತ್ರೆಯ ಎರಡನೇ ಮಹಡಿಯ ಪ್ರಯೋಗಾಲಯದಲ್ಲಿ ಈ ಗಾದೆ ಬರೀ ಗಾದೆಯಾಗಿ ಉಳಿದಿರಲಿಲ್ಲ, ಕಾನೂನಾಗಿತ್ತು. ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವರು ಮೊದಲ ದಿನ ಈ ಮಾತು ಹೇಳಿ, ಮರುದಿನ ನೆನಪಿದೆಯಾ ಎಂದು ಕೇಳುತ್ತಿದ್ದರು.

ಅಗುಳು ಹಿಚುಕುವುದರಲ್ಲಿ ಅಲ್ಲಿ ಎತ್ತಿದ ಕೈ ಎಂದರೆ ಚೊಕ್ಕಮ್ಮನದು. ಅದು ಅವಳ ಹೆಸರಲ್ಲ. ಕೈ ತೊಳೆದು, ಕೈ ತೊಳೆದ ನಲ್ಲಿಯನ್ನು ತೊಳೆದು, ನಲ್ಲಿ ತೊಳೆದ ಕೈಯನ್ನು ಮತ್ತೆ ತೊಳೆಯುವವಳಿಗೆ ಜೊತೆಯವರು ಇನ್ನೇನು ಹೆಸರಿಟ್ಟಾರು? ಹೊಟ್ಟೆಯಲ್ಲಿ ಹುಣ್ಣು ಮಾಡುವ ಒಂದು ಸುರುಳಿ ಬ್ಯಾಕ್ಟೀರಿಯಾವನ್ನು ಬೆಳೆಸುವುದು ಅವಳ ಕೆಲಸ. ಡಾಕ್ಟರು ರೋಗಿಯ ಗಂಟಲಿನಲ್ಲಿ ಕೊಳವೆ ಇಳಿಸಿ, ಹೊಟ್ಟೆಯ ಒಳಗೋಡೆಯಿಂದ ಅಕ್ಕಿ ನುಚ್ಚಿನಷ್ಟು ಚೂರುಗಳನ್ನು ಕಿತ್ತು ಕಳಿಸುತ್ತಿದ್ದರು. ಅದರಲ್ಲೊಂದನ್ನು ಅವಳು ಅರೆದು, ರಕ್ತ ಬೆರೆಸಿದ ಆಹಾರ ಹರಡಿದ ಕೆಂಪು ಪ್ಲೇಟಿನ ಮೇಲೆ ಸವರಿ, ಗಾಳಿ ಕಡಿಮೆ ಮಾಡಿದ ಡಬ್ಬಿಯೊಳಗಿಟ್ಟು ಕಾಯುತ್ತಿದ್ದಳು. ಈ ಬ್ಯಾಕ್ಟೀರಿಯಾಕ್ಕೆ ಗಾಳಿ ಹೆಚ್ಚಾದರೂ ಆಗದು, ಪೂರ್ತಿ ಇಲ್ಲದಿದ್ದರೂ ಆಗದು, ಹೊಸ ಅಳಿಯನಿಗಿಂತ ಹೆಚ್ಚು ಉಪಚಾರ ಕೇಳುವ ಜಾತಿ. ಒಂದು ವಾರ ಕಳೆಯುವ ಹೊತ್ತಿಗೆ ಪ್ಲೇಟಿನ ಮೇಲೆ ಇಬ್ಬನಿಯಂಥ ಚುಕ್ಕೆಗಳು ಏಳುತ್ತವೆ. ಅವುಗಳಲ್ಲಿ ದುಂಡಗೆ, ಅಕ್ಕಪಕ್ಕದವರನ್ನು ಮುಟ್ಟದೆ ನಿಂತ ಒಂದೇ ಒಂದು ಚುಕ್ಕೆಯನ್ನು ಅವಳು ಆರಿಸಿ ಹೊಸ ಪ್ಲೇಟಿಗೆ ದಾಟಿಸುತ್ತಿದ್ದಳು. ಅದರ ಸಂತಾನವನ್ನಷ್ಟೇ ಬೆಳೆಸಿ, ಅದರ ವಂಶವಾಹಿ ಓದಿಸಿದರೆ ಅದು ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ತಿಳಿಯುತ್ತಿತ್ತು.

ಅದೇ ಹೊಟ್ಟೆಯ ಇನ್ನೊಂದು ಚೂರು ಪಕ್ಕದ ಕೋಣೆಗೆ ಹೋಗುತ್ತಿತ್ತು. ಅಲ್ಲಿದ್ದವನು ಮಿಷನ್ನಣ್ಣ. ಅವನಿಗೆ ಬೆಳೆಸುವ, ಕಾಯುವ ತಾಪತ್ರಯವೇ ಇಲ್ಲ. ಹಸಿ ಚೂರನ್ನು ಹಾಗೇ ಕರಗಿಸಿ, ವಂಶವಾಹಿ ಗುರುತಿಸುವ ಪಿಸಿಆರ್ ಯಂತ್ರಕ್ಕೆ ಕೊಟ್ಟು, ಊಟ ಮುಗಿಸಿ ಬಂದು ಉತ್ತರ ಎತ್ತಿಕೊಳ್ಳುತ್ತಿದ್ದ. ಎರಡು ದಾರಿಯಲ್ಲಿ ಹೋದರೂ ಒಂದೇ ಉತ್ತರ ಸಿಗುತ್ತದೆಯೋ ಎಂದು ಹೋಲಿಸುವುದು ಆ ವರ್ಷದ ದೊಡ್ಡ ಕೆಲಸವಾಗಿತ್ತು. ಸಿಕ್ಕಿದರೆ ಬೆಳೆಸುವ ರಗಳೆಯನ್ನೇ ಕೈಬಿಡಬಹುದು. ಸಿಗದಿದ್ದರೆ ಯಾರನ್ನು ನಂಬಬೇಕು ಎಂಬುದಕ್ಕೆ ದೊಡ್ಡ ಮೇಡಂ ಮೊದಲೇ ತೀರ್ಪು ಕೊಟ್ಟಿದ್ದರು, ಕಲ್ಚರ್, ಅಂದರೆ ಪ್ಲೇಟಿನಲ್ಲಿ ಬೆಳೆದದ್ದು, ಹೇಳಿದ್ದೇ ನಿಜ. ಹಸಿ ಚೂರಿನಲ್ಲಿ ರಕ್ತವಿರುತ್ತದೆ, ಎಂಜಲಿರುತ್ತದೆ, ಸತ್ತ ಬ್ಯಾಕ್ಟೀರಿಯಾದ ಹೆಣವಿರುತ್ತದೆ, ಯಂತ್ರಕ್ಕೆ ಹೆಣಕ್ಕೂ ಜೀವಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಬೆಳೆದು ತೋರಿಸಿದ್ದು ಮಾತ್ರ ಬದುಕಿರುವ ಸಾಕ್ಷಿ. ಇನ್ನು ಯಂತ್ರವೇನಾದರೂ ಒಂದೇ ಹೊಟ್ಟೆಯಲ್ಲಿ ಎರಡು ಬಗೆ ತೋರಿಸಿದರೆ ಟ್ಯೂಬಿಗೆ ಬೇರೆಯವರದ್ದು ಸೋಕಿದೆ ಎಂದೇ ಲೆಕ್ಕ. ಮಿಷನ್ನಣ್ಣ ಅಂಥದ್ದರ ಮೇಲೆ ‘ಕೊಳೆ’ ಎಂದು ಬರೆದು ಬದಿಗಿಡುತ್ತಿದ್ದ. ಚೊಕ್ಕಮ್ಮನಿಗೆ ಈ ನಿಯಮ ಬಹಳ ಇಷ್ಟ. ಕೊಳೆಯನ್ನು ಕೊಳೆ ಎಂದು ಕರೆದು ದೂರವಿಟ್ಟರೆ ಅರ್ಧ ಜಗತ್ತು ಸರಿಹೋಗುತ್ತದೆ ಎಂದು ಅವಳು ನಂಬಿದ್ದಳು.

ಇಂಥವಳ ಮನೆಯಲ್ಲಿ ತಿಕ್ಕಿ ತೊಳೆದು ಚೊಕ್ಕ ಮಾಡಲಾಗದ ವಸ್ತು ಒಂದಿತ್ತು, ಅಪ್ಪನ ನಾಲಿಗೆ. ಅಪ್ಪ ದೂರದೂರಿಗೆ ಸರಕು ಹೊರುವ ಲಾರಿಯ ಡ್ರೈವರಾಗಿದ್ದವನು. ವಯಸ್ಸಾಗಿ ಲಾರಿ ಬಿಡುವುದನ್ನು ನಿಲ್ಲಿಸಿ, ಹೆಂಡತಿ ತೀರಿಕೊಂಡ ಮೇಲೆ ಮಗಳ ಎರಡು ಕೋಣೆಯ ಮನೆಗೆ ಬಂದಿದ್ದ. ಲಾರಿ ನಿಂತರೂ ಬುರುಡೆ ನಿಲ್ಲಲಿಲ್ಲ. ಬೀದಿ ಕೊನೆಯ ಚಹಾದಂಗಡಿಯಲ್ಲಿ ಅವನು ಬಾಯಿ ತೆಗೆದನೆಂದರೆ ಎದ್ದು ಹೊರಟವರು ಕೂತು ಇನ್ನೊಂದು ಲೋಟ ಹೇಳುತ್ತಿದ್ದರು.

ಬುರುಡೆಗಳಲ್ಲೆಲ್ಲ ರಾಜ ಅಂದರೆ ಕರಡಿಯದು. ಒಂದು ರಾತ್ರಿ ಕಾಡಿನ ದಾರಿಯಲ್ಲಿ ಲಾರಿ ನಿಲ್ಲಿಸಿ ನಿದ್ದೆ ಮಾಡುತ್ತಿದ್ದಾಗ ಒಂದು ಕರಡಿ ಹಿಂದಿನಿಂದ ಹತ್ತಿ ಜೋಳದ ಮೂಟೆಗಳ ನಡುವೆ ಮಲಗಿಬಿಟ್ಟಿತಂತೆ. ಅಪ್ಪನಿಗೆ ತಿಳಿದದ್ದು ಬೆಳಿಗ್ಗೆ, ಅದೂ ಗೊರಕೆಯಿಂದ. ಮುಂದೆ ಚೆಕ್‌ಪೋಸ್ಟು ಬಂತು. ಅಲ್ಲಿನವನು ಕೈಗೆ ಹತ್ತಿರವಿದ್ದ ಒಂದು ಮೂಟೆಗೆ ಮೊನಚು ಕೊಳವೆ ಚುಚ್ಚಿ, ಒಂದು ಹಿಡಿ ಕಾಳು ಹೊರತೆಗೆದು, ಮೂಸಿ ನೋಡಿ, ‘ಎಲ್ಲ ಜೋಳ’ ಎಂದು ಕೈಬೀಸಿದನಂತೆ. ಕರಡಿ ಗೊರಕೆ ಹೊಡೆಯುತ್ತಲೇ ಗಡಿ ದಾಟಿತು. ಈ ಕಥೆಯಲ್ಲಿ ಲಾರಿಯ ನಂಬರು ಇರುತ್ತಿತ್ತು, ಚೆಕ್‌ಪೋಸ್ಟಿನವನ ಮೀಸೆಯ ಬಣ್ಣವಿರುತ್ತಿತ್ತು, ಕರಡಿಯ ಎಡಗಿವಿಯಲ್ಲಿ ಒಂದು ತೂತೂ ಇರುತ್ತಿತ್ತು. ಅಮ್ಮ ಬದುಕಿದ್ದಾಗ ಮಗಳಿಗೆ ಗುಟ್ಟಾಗಿ ಒಂದು ಅಳತೆಗೋಲು ಕೊಟ್ಟಿದ್ದಳು.

“ನಿಮ್ಮಪ್ಪನ ಮಾತಿಗೆ ನಂಬರ್ ಪ್ಲೇಟ್ ಇದ್ರೆ ಅದು ಬುರುಡೆ ಅಂತ ತಿಳ್ಕೋ. ನಿಜ ಹೇಳೋವಾಗ ಅವರಿಗೆ ಎರಡನೇ ಮಾತು ಹುಟ್ಟಲ್ಲ.”

ಆ ಅಪ್ಪ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದ. ಒಂದೆರಡು ದಿನದಿಂದ ಮಲ ಟಾರಿನಂತೆ ಕಪ್ಪಗೆ ಹೋಗುತ್ತಿದ್ದುದನ್ನು ಮಗಳಿಗೆ ಹೇಳಿರಲಿಲ್ಲ. ಹೊಟ್ಟೆಯ ಹುಣ್ಣು ಒಡೆದು ಒಳಗೇ ರಕ್ತ ಸೋರಿತ್ತು. ಮಗಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ ರಕ್ತ ಕೊಟ್ಟು ಉಳಿಸಿಕೊಂಡರು. ಹೊಟ್ಟೆ ಡಾಕ್ಟರು ಮುಚ್ಚುಮರೆ ಮಾಡುವವರಲ್ಲ. ಹುಣ್ಣಿಗೆ ಕಾರಣ ಈ ಬ್ಯಾಕ್ಟೀರಿಯಾ, ಅದು ಹೋಗದಿದ್ದರೆ ಹುಣ್ಣು ಮತ್ತೆ ಒಡೆಯುತ್ತದೆ, ಈ ವಯಸ್ಸಿನಲ್ಲಿ ಇನ್ನೊಮ್ಮೆ ಅಷ್ಟು ರಕ್ತ ಹೋದರೆ ತಡೆಯುವುದು ಕಷ್ಟ ಎಂದು ಅಪ್ಪನ ಎದುರೇ ಹೇಳಿದರು. ಮಾತ್ರೆ ಬರೆದುಕೊಟ್ಟರು. ಮಾತ್ರೆಗಳ ಸುತ್ತು ಮುಗಿದು ತಿಂಗಳಾದ ಮೇಲೆ ಚೀಲದಲ್ಲಿ ಉಸಿರು ಊದಿಸಿ ಪರೀಕ್ಷೆ ಮಾಡಿದರೆ ಬ್ಯಾಕ್ಟೀರಿಯಾ ಇದ್ದಲ್ಲೇ ಇತ್ತು. ಆಗ ಕೊಳವೆ ಇಳಿಸಿ ಚೂರುಗಳನ್ನು ತೆಗೆದು ಎರಡನೇ ಮಹಡಿಗೆ ಕಳಿಸಿದರು.

ಚೊಕ್ಕಮ್ಮ ಅಪ್ಪನ ಹೊಟ್ಟೆಯ ಚೂರನ್ನು ತಾನೇ ಅರೆದಳು, ತಾನೇ ಬೆಳೆಸಿದಳು, ಎದ್ದು ನಿಂತ ಚುಕ್ಕೆಗಳಲ್ಲಿ ಅತಿ ದುಂಡಗಿದ್ದದ್ದನ್ನು ತಾನೇ ಆರಿಸಿದಳು. ಉತ್ತರ ಬಂತು, ಔಷಧಕ್ಕೆ ಸಾಯುವ ಬಗೆ. ಅವಳಿಗೆ ಹೋದ ಜೀವ ಬಂದಂತಾಯಿತು. ಪಕ್ಕದ ಕೋಣೆಯ ಯಂತ್ರ ಮಾತ್ರ ಎರಡು ಬಗೆ ತೋರಿಸಿತ್ತು, ಸಾಯುವುದೂ ಇದೆ, ಸಾಯದ್ದೂ ಇದೆ ಎಂದು. ಮಿಷನ್ನಣ್ಣ ‘ಕೊಳೆ’ ಎಂದು ಬರೆದ. ಸಂಗತಿ ಅಲ್ಲಿಗೆ ಮುಗಿಯಿತು.

ಮುಗಿಯಿತು ಅಂದುಕೊಂಡದ್ದು ನಿಜವಾಗಿ ಅಲ್ಲಿಂದಲೇ ಶುರುವಾಯಿತು. ಡಾಕ್ಟರು ಅಪ್ಪ ಮಗಳನ್ನು ಎದುರಿಗೆ ಕೂರಿಸಿಕೊಂಡು ಫಲಿತಾಂಶ ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೊಟ್ಟ ಔಷಧಕ್ಕೆ ಈ ಬ್ಯಾಕ್ಟೀರಿಯಾ ಸಾಯಲೇಬೇಕಿತ್ತು ಎಂದರು. ಸತ್ತಿಲ್ಲ ಅಂದರೆ ಔಷಧ ಹೊಟ್ಟೆಗೆ ಹೋಗಿಲ್ಲ. ಅರ್ಧಂಬರ್ಧ ನುಂಗಿ ಬಿಟ್ಟರೆ ಇರುವ ಸಾಧು ಬ್ಯಾಕ್ಟೀರಿಯಾವೂ ಮೊಂಡಾಗುತ್ತದೆ ಎಂದು ಗದರಿದರು.

“ನಿಜ ಹೇಳಿ. ಮಾತ್ರೆ ಎಲ್ಲ ನುಂಗಿದ್ರಾ?”

“ನುಂಗಿದ್ದೀನಿ,” ಅಂದ ಅಪ್ಪ.

ಅಷ್ಟೇ. ನಂಬರಿಲ್ಲ, ಮೀಸೆಯಿಲ್ಲ, ಕಿವಿಯ ತೂತಿಲ್ಲ. ಚೊಕ್ಕಮ್ಮನಿಗೆ ಅಮ್ಮನ ಅಳತೆಗೋಲು ನೆನಪಾಗದೆ ಇರಲಿಲ್ಲ. ಆದರೆ ಒಂದು ಕಡೆ ತಾನೇ ಕೈಯಾರೆ ಬೆಳೆಸಿದ ಪ್ಲೇಟು, ಇನ್ನೊಂದು ಕಡೆ ಕರಡಿಯನ್ನು ಗಡಿ ದಾಟಿಸಿದ ಬಾಯಿ. ವಯಸ್ಸಾಗಿದೆ, ಸುಳ್ಳು ಹೇಳುವ ಶಕ್ತಿಯೂ ಸೊರಗಿರಬೇಕು, ಅದಕ್ಕೇ ಚುಟುಕಾಗಿ ಹೇಳುತ್ತಾನೆ ಎಂದು ಸಮಾಧಾನ ಮಾಡಿಕೊಂಡಳು. ಡಾಕ್ಟರು ಅದೇ ಮಾತ್ರೆಯನ್ನು ಇನ್ನೊಂದು ಸುತ್ತು ಬರೆದು, ಈ ಸಲ ನೀವೇ ಎದುರು ನಿಂತು ನುಂಗಿಸಿ ಎಂದು ಅವಳಿಗೆ ಹೇಳಿದರು. ಅಪ್ಪ ಕೈಯಲ್ಲಿದ್ದ ಛತ್ರಿಯ ಹಿಡಿಯನ್ನು ನೋಡುತ್ತ ಕೂತಿದ್ದ.

ಮನೆಗೆ ಬಂದ ಮೇಲೆ ಅವಳು ನಾಚಿಕೆ ಬಿಟ್ಟು ಅಪ್ಪನ ಕೋಟಿನ ಜೇಬು ತಡಕಿದಳು. ಬೆರಳಿಗೆ ಬಿಳಿಯ ದುಂಡು ಮಾತ್ರೆಗಳು ಸಿಕ್ಕಿದವು. ತನ್ನ ಪ್ಲೇಟು ಸುಳ್ಳಲ್ಲ ಎಂದು ಒಂದು ಕೆಟ್ಟ ಸಮಾಧಾನ ಬಂತು. ಮೂಸಿ ನೋಡಿದರೆ ಪೆಪ್ಪರ್‌ಮೆಂಟು. ಬಿಟ್ಟಿದ್ದೇನೆ ಎಂದು ಆಣೆ ಮಾಡಿದ್ದ ಸಿಗರೇಟಿನ ವಾಸನೆ ಮುಚ್ಚಲು ಇಟ್ಟುಕೊಂಡದ್ದು. ಕೇಳಿದ್ದಕ್ಕೆ ಅಪ್ಪ ಹಸಿರು ಮಫ್ಲರಿನ ಗೆಳೆಯನೊಬ್ಬ ಬಸ್‌ಸ್ಟ್ಯಾಂಡಿನ ಮೂರನೇ ಬೆಂಚಿನ ಮೇಲೆ ಕೂತು ತನ್ನ ಜೇಬಿಗೆ ಹಾಕಿದ ಎಂದ. ಕಳ್ಳನಂತೂ ಹೌದು, ಆದರೆ ಹಿಡಿಯಬೇಕಿದ್ದ ಕಳ್ಳತನದ್ದಲ್ಲ. ಚೊಕ್ಕಮ್ಮನಿಗೆ ಸಿಟ್ಟು ಬಂತು, ಯಾವುದರ ಮೇಲೆ ಎಂದು ಸರಿಯಾಗಿ ತಿಳಿಯಲಿಲ್ಲ.

ಮರುದಿನದಿಂದ ಕಾವಲು ಶುರುವಾಯಿತು. ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಮುಂಚೆ, ಸಂಜೆ ಬಂದ ಮೇಲೆ, ಒಂದು ಕೈಯಲ್ಲಿ ನೀರಿನ ಲೋಟ ಇನ್ನೊಂದರಲ್ಲಿ ಮಾತ್ರೆ ಹಿಡಿದು ಎದುರು ನಿಲ್ಲುವಳು. ಅಪ್ಪ ನುಂಗುವನು. ಆಮೇಲೆ ಅವಳು ‘ಆ’ ಅನ್ನು ಎನ್ನುವಳು. ಅಪ್ಪ ಬಾಯಿ ತೆರೆದು, ನಾಲಿಗೆ ಮೇಲೆತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ತೋರಿಸುವನು. ಆಮೇಲೂ ಒಂದಷ್ಟು ಹೊತ್ತು ಬಚ್ಚಲಿಗೆ ಹೋಗದಂತೆ ಎದುರೇ ಕೂರಿಸಿಕೊಳ್ಳುವಳು. ಮೊದಲ ದಿನ ಅಪ್ಪ ನಗಿಸಲು ನೋಡಿದ. ತನ್ನ ಬಾಯೊಳಗೆ ಕರಡಿ ಏನೂ ಇಲ್ಲ, ಬೇಕಾದರೆ ಕೊಳವೆ ಚುಚ್ಚಿ ನೋಡು ಎಂದ. ಅವಳು ನಗಲಿಲ್ಲ. ಎರಡನೇ ದಿನದಿಂದ ಅವನೂ ನಗಲಿಲ್ಲ.

ಎಂದೂ ಆಗದಿದ್ದ ಒಂದು ಸಂಗತಿ ಆಗ ಆಯಿತು, ಅಪ್ಪ ಬುರುಡೆ ಬಿಡುವುದನ್ನು ನಿಲ್ಲಿಸಿದ. ಮನೆಯಲ್ಲಿ ಮಾತ್ರವಲ್ಲ, ಚಹಾದಂಗಡಿಯಲ್ಲೂ. ನಿಮ್ಮಪ್ಪನಿಗೆ ಹುಷಾರಿಲ್ವಾ, ಬರ್ತಾರೆ, ಕುಡೀತಾರೆ, ಹೋಗ್ತಾರೆ ಎಂದು ಅಂಗಡಿಯವನು ಅವಳನ್ನು ದಾರಿಯಲ್ಲಿ ತಡೆದು ಕೇಳಿದ. ಮನೆ ಎಷ್ಟು ಚೊಕ್ಕವಾಗಿ, ಎಷ್ಟು ಸದ್ದಿಲ್ಲದೆ ಇರಬೇಕೆಂದು ಅವಳು ಇಷ್ಟು ವರ್ಷ ಬಯಸಿದ್ದಳೋ ಅಷ್ಟೂ ಆಯಿತು. ಆ ಮನೆಯೊಳಗೆ ಕಾಲಿಡುವುದೇ ಅವಳಿಗೆ ಬೇಡವಾಗುತ್ತ ಬಂತು.

ಸುತ್ತು ಮುಗಿಯಿತು. ತಿಂಗಳು ಬಿಟ್ಟು ಮತ್ತೆ ಚೀಲಕ್ಕೆ ಉಸಿರು ಊದಿದ್ದಾಯಿತು. ಬ್ಯಾಕ್ಟೀರಿಯಾ ಅಲ್ಲೇ ಇತ್ತು.

ಡಾಕ್ಟರು ಅಪ್ಪನನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಒಳಗೆ ಕರೆದರು. ಮನೆಯವರು ಎದುರು ನಿಂತಿದ್ದರೂ ಕೆನ್ನೆಯ ಸಂದಿಯಲ್ಲಿಟ್ಟು ಆಮೇಲೆ ಉಗುಳುವವರನ್ನು ತಾನು ಕಂಡಿದ್ದೇನೆ ಎಂದರು. ನಾನೇ ನೋಡಿದ್ದೀನಿ, ನಾಲಿಗೆ ಎತ್ತಿಸಿ ನೋಡಿದ್ದೀನಿ ಎಂದು ಹೇಳುವಾಗ ಚೊಕ್ಕಮ್ಮನ ದನಿ ಅವಳಿಗೇ ಕಳ್ಳಿಯ ದನಿಯಂತೆ ಕೇಳಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ಈಗ ಅವಳದು. ಹಾಗಾದ್ರೆ ನಿಮ್ಮ ಕಲ್ಚರ್ ತಪ್ಪಾಗಿರಬೇಕು ಅಲ್ವಾ ಎಂದರು ಡಾಕ್ಟರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಬರೀ ಪ್ರಶ್ನೆ. ಅವಳು ಎದ್ದು ಹೊರಬಂದಳು.

ಅಲ್ಲಿಂದ ಮುಂದೆ ಅವಳ ತಲೆ ಮೊಸರು ಕಡೆದ ಗಡಿಗೆಯಾಯಿತು. ಅಪ್ಪ ನುಂಗಿದ್ದು ನಿಜವಾದರೆ ಪ್ಲೇಟು ಸುಳ್ಳು. ಪ್ಲೇಟು ನಿಜವಾದರೆ ತನ್ನ ಕಣ್ಣು ಸುಳ್ಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ಸರಿ, ಪ್ರಮಾಣಿಸಿ ನೋಡಿದ್ದೂ ತಾನೇ ಅಲ್ಲವೇ? ಯಾರದೋ ಚೂರನ್ನು ಅಪ್ಪನದ್ದೆಂದು ಬೆಳೆಸಿಬಿಟ್ಟೆನೇ ಎಂದು ನೋಡಲು ಹಳೆಯ ಟ್ಯೂಬುಗಳ ಚೀಟಿಗಳನ್ನೆಲ್ಲ ಮತ್ತೆ ತಾಳೆ ಹಾಕಿದಳು. ಎಲ್ಲ ಸರಿಯಾಗಿತ್ತು. ಸರಿಯಾಗಿದ್ದಷ್ಟೂ ಗೊಂದಲ ಹೆಚ್ಚಾಯಿತು. ಬಸ್ಸಿನಲ್ಲಿ ಇಳಿಯುವ ನಿಲ್ದಾಣ ದಾಟಿ ಹೋದಳು, ಕೈ ತೊಳೆದು ನಲ್ಲಿ ನಿಲ್ಲಿಸುವುದನ್ನು ಮರೆತಳು. ಜೊತೆಯವರು ಗಾಬರಿಯಾದದ್ದು ಎರಡನೆಯದಕ್ಕೆ.

ಕೊನೆಗೆ ಅವಳು ಪಕ್ಕದ ಕೋಣೆಗೆ ಹೋಗಿ ಮಿಷನ್ನಣ್ಣನ ಎದುರು ಸ್ಟೂಲು ಎಳೆದುಕೊಂಡು ಕೂತಳು. ಅಪ್ಪನ ಟ್ಯೂಬಿಗೆ ಬೇರೆಯದು ಹೇಗೆ ಸೋಕಿರಬಹುದು ಎಂದು ಕೇಳಿದಳು. ಮಿಷನ್ನಣ್ಣ ತಲೆ ಕೆರೆದುಕೊಂಡ. ಆ ಟ್ಯೂಬನ್ನು ತಾನು ಯಂತ್ರದಲ್ಲಿ ಮೂರು ಸಲ ಓಡಿಸಿದ್ದೆ ಎಂದ. ಮಧ್ಯೆ ಹೊಸ ಡಬ್ಬಿಯ ನೀರು ಬಳಸಿದ್ದ, ಯಂತ್ರ ಒರೆಸಿದ್ದ, ಕೊನೆಯ ಸಲ ಬೇರೆ ಯಾವ ರೋಗಿಯದ್ದನ್ನೂ ಜೊತೆಗಿಟ್ಟಿರಲಿಲ್ಲ.

“ಕೊಳೆ ಅಂದ್ರೆ ಒಂದ್ಸಲ ಬಂದು ಇನ್ನೊಂದ್ಸಲ ಹೋಗುತ್ತೆ. ಇದು ಮೂರೂ ಸಲ ಹಾಗೇ ಬಂತು, ಒಂದೇ ಅಳತೇಲಿ.”

“ಮತ್ತೆ ಹೇಳಲಿಲ್ಲ ಯಾಕೆ?”

“ಎರಡು ಬಂದ್ರೆ ಕೊಳೆ ಅಂತಲ್ವಾ ನಿಯಮ?” ಎಂದ ಮಿಷನ್ನಣ್ಣ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ, ಅವಳ ಪ್ರಶ್ನೆಯೂ, ತನ್ನ ಉತ್ತರವೂ.

ಅಪ್ಪನ ಹೊಟ್ಟೆಯಿಂದ ತೆಗೆದ ಚೂರುಗಳಲ್ಲಿ ಒಂದು ಇನ್ನೂ ಫ್ರೀಜರಿನ ತಳದಲ್ಲಿ ಉಳಿದಿತ್ತು. ಚೊಕ್ಕಮ್ಮ ಅದನ್ನು ತೆಗೆದು ಮತ್ತೆ ಅರೆದು ಪ್ಲೇಟಿಗೆ ಸವರಿ ಡಬ್ಬಿಯಲ್ಲಿಟ್ಟಳು. ಅಪ್ಪ ಸುಳ್ಳನೆಂದು ಸಾಬೀತಾದರೂ ಬೇಡ, ತನ್ನ ಕೈ ಸುಳ್ಳೆಂದು ಸಾಬೀತಾದರೂ ಬೇಡ. ಅತ್ತ ದರಿ ಇತ್ತ ಪುಲಿ. ಆ ವಾರ ಮನೆಯಲ್ಲಿ ಅಪ್ಪ ಮಗಳು ಹವಾಮಾನದ ಬಗ್ಗೆ ಮಾತಾಡಿದರು.

ಡಬ್ಬಿ ತೆರೆದ ಬೆಳಿಗ್ಗೆ ಪ್ಲೇಟಿನ ತುಂಬ ಇಬ್ಬನಿ ಎದ್ದಿತ್ತು. ಅವಳು ದೀಪದ ಕೆಳಗೆ ಪ್ಲೇಟನ್ನು ಓರೆಯಾಗಿ ಹಿಡಿದಳು. ಎಡ ಬದಿಯಲ್ಲಿ, ಯಾರ ಸಹವಾಸಕ್ಕೂ ಹೋಗದೆ, ದುಂಡಗೆ ಹೊಳೆಯುತ್ತ ನಿಂತಿದ್ದ ಒಂದು ಚುಕ್ಕೆ ತಾನಾಗಿ ಕಣ್ಣಿಗೆ ಬಿತ್ತು. ಕೈ ಯೋಚನೆ ಮಾಡದೆ ಅತ್ತ ಹೋಯಿತು, ಸಾವಿರ ಸಲ ಹೋದಂತೆಯೇ. ಕೈಯಲ್ಲಿದ್ದ ತಂತಿಯ ತುದಿ ಇನ್ನೇನು ಚುಕ್ಕೆಗೆ ತಾಗಬೇಕು, ಕಿವಿಯಲ್ಲಿ ಯಾರೋ ‘ಎಲ್ಲ ಜೋಳ’ ಅಂದ ಹಾಗಾಯಿತು.

ಅವಳು ಕೈ ಹಿಂದೆ ತೆಗೆದಳು. ಕೆಂಪು ಮೀಸೆಯ ಚೆಕ್‌ಪೋಸ್ಟಿನವನು, ಕೈಗೆ ಹತ್ತಿರವಿದ್ದ ಮೂಟೆ, ಒಂದು ಹಿಡಿ ಕಾಳು. ಎಷ್ಟು ವರ್ಷ ಆ ಕಥೆಗೆ ನಕ್ಕಿದ್ದಳು, ಅವನೆಂಥ ಪೆದ್ದ ಎಂದು. ಈಗ ಕೈಯಲ್ಲಿ ಚುಚ್ಚುವ ಕೊಳವೆ ಹಿಡಿದು ನಿಂತವಳು ತಾನೇ. ಪ್ಲೇಟನ್ನು ಮತ್ತೆ ದೀಪಕ್ಕೆ ಹಿಡಿದು ಈ ಸಲ ದುಂಡಗಿನದನ್ನು ಬಿಟ್ಟು ಮಿಕ್ಕದ್ದನ್ನು ನೋಡಿದಳು. ದೊಡ್ಡ ಚುಕ್ಕೆಗಳ ಸಂದಿಯಲ್ಲಿ, ಅಂಚಿನ ಕಡೆ, ಸೂಜಿಮೊನೆಯಷ್ಟೇ ಇರುವ ಬಡಕಲು ಚುಕ್ಕೆಗಳೂ ಇದ್ದವು. ಅವು ಮೊದಲಿಂದಲೂ ಇರುತ್ತಿದ್ದವು. ಅವಳು ಅವನ್ನು ಎಂದೂ ಆರಿಸಿರಲಿಲ್ಲ, ಅವು ಚೊಕ್ಕವಾಗಿರಲಿಲ್ಲ.

ದುಂಡಗಿನವು, ಬಡಕಲಿನವು, ಅಂಟಿಕೊಂಡವು ಎಂದು ನೋಡದೆ ಸಿಕ್ಕ ಸಿಕ್ಕಲ್ಲಿಂದ ಒಂದೊಂದಾಗಿ ಎತ್ತಿ ಬೇರೆ ಬೇರೆ ಪ್ಲೇಟಿಗೆ ಹಾಕಿದಳು. ಅವು ಬೆಳೆದ ಮೇಲೆ ಒಂದೊಂದರ ವಂಶವಾಹಿಯನ್ನೂ ಮಿಷನ್ನಣ್ಣನಿಂದ ಓದಿಸಿದಳು. ದುಂಡಗಿನವೆಲ್ಲ ಔಷಧಕ್ಕೆ ಸಾಯುವ ಬಗೆ. ಬಡಕಲಿನವು ಜಗ್ಗದ ಬಗೆ. ಎರಡೂ ಒಂದೇ ಹೊಟ್ಟೆಯಲ್ಲಿ, ಒಂದೇ ಚೂರಿನಲ್ಲಿ ಬದುಕಿದ್ದವು. ಮಾತ್ರೆ ಹೋದಾಗಲೆಲ್ಲ ದುಂಡಗಿನವು ಸತ್ತು, ಬಡಕಲಿನವು ಉಳಿದಿದ್ದವು. ಔಷಧದ ಕಾಟ ಮುಗಿದ ಮೇಲೆ ಅಲ್ಲಿ ಇಲ್ಲಿ ಅಡಗಿ ಉಳಿದ ನಾಲ್ಕು ದುಂಡಗಿನವು ಮತ್ತೆ ಬೆಳೆದು ಮುಂದಿನ ಸಾಲಿಗೆ ಬಂದು ನಿಲ್ಲುತ್ತಿದ್ದವು. ಅವಳು ಬಂದು ಅವನ್ನೇ ಕೇಳುತ್ತಿದ್ದಳು, ಒಳಗೆ ಯಾರಿದ್ದೀರಿ ಎಂದು.

ದೊಡ್ಡ ಮೇಡಂ ಪ್ಲೇಟುಗಳನ್ನು ಬಹಳ ಹೊತ್ತು ನೋಡಿದರು. ಅವಳು ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದಳು. ಅವರು ಬೈಯಲಿಲ್ಲ. ಒಂದು ಅಗುಳು ಸಾಕು ಅನ್ನೋದು ಒಂದೇ ಬಗೆ ಅಕ್ಕಿಯ ಅನ್ನಕ್ಕೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಮಿಷನ್ನಣ್ಣ ಬದಿಗಿಟ್ಟ ಕೊಳೆ ಎಲ್ಲ ಎಲ್ಲಿದೆ ಎಂದು ಕೇಳಿದರು. ಅದು ಒಂದು ಇಡೀ ಡ್ರಾಯರಿನ ತುಂಬ ಇತ್ತು. ಅದನ್ನು ಎಳೆದು ತೆರೆದು ಮೂವರೂ ಟ್ಯೂಬುಗಳ ಚೀಟಿ ಓದತೊಡಗಿದರು. ಇನ್ನೆಷ್ಟು ಮನೆಗಳಲ್ಲಿ ಯಾರ್ಯಾರು ಯಾರ ಬಾಯಿ ತೆರೆಸಿ ನೋಡುತ್ತಿದ್ದಾರೋ ಎಂದು ಚೊಕ್ಕಮ್ಮ ಯೋಚಿಸಿದಳು.

ಹೊಟ್ಟೆ ಡಾಕ್ಟರು ಔಷಧ ಬದಲಿಸಿ ಬೇರೆ ಮಾತ್ರೆಗಳನ್ನು ಬರೆದುಕೊಟ್ಟರು. ಇವು ಎರಡು ಬಗೆಗೂ ನಾಟುತ್ತವೆ, ಈ ಸಲ ಹೋಗಬೇಕು ಎಂದರು. ಅವಳು ಪೊಟ್ಟಣ ಹಿಡಿದು ಬೇಗ ಮನೆಗೆ ಬಂದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದಳು. ಯಾವುದು ಮೊದಲು, ಯಾವುದು ಆಮೇಲೆ, 'ತಪ್ಪಾಯಿತು' ಎಂಬುದನ್ನು ಎಲ್ಲಿ ಇಡುವುದು ಎಂದು.

ಅಪ್ಪ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ. ಬಾಗಿಲು ತೆರೆದು ಬಂದವಳು ಎದುರು ನಿಂತಳು. ಅವಳ ಕೈಯಲ್ಲಿ ಮಾತ್ರೆಯ ಪೊಟ್ಟಣ ಕಂಡದ್ದೇ ಅಪ್ಪ ಏನೂ ಕೇಳದೆ ಬಾಯಿ ತೆರೆದು ನಾಲಿಗೆ ಮೇಲೆತ್ತಿದ.

ಜೋಡಿಸಿಕೊಂಡು ಬಂದ ಮಾತೆಲ್ಲ ಅಲ್ಲೇ ಚೆಲ್ಲಿಹೋಯಿತು.

“ಬೇಡ ಅಪ್ಪ. ಮುಚ್ಚು,” ಎಂದಳು.

ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಹಿಂದುಮುಂದಾಗಿ, ತೊದಲುತ್ತ ಹೇಳಿದಳು. ಎರಡು ಬಗೆ ಇತ್ತು, ತಾನು ಒಂದನ್ನೇ ಕಂಡೆ, ಕಾಣದ್ದನ್ನು ಕೊಳೆ ಅಂದೆವು, ಅದರ ಮೇಲೆ ನಿನ್ನನ್ನು ಸುಳ್ಳ ಎಂದೆವು. ಅಪ್ಪ ಅರ್ಧ ತಿಳಿದು ಅರ್ಧ ತಿಳಿಯದೆ ಕೇಳಿಸಿಕೊಂಡ. ಆ ಜಗ್ಗದ ಬಗೆ ನನ್ನೊಳಗೆ ಬಂದದ್ದಾದರೂ ಹೇಗೆ ಎಂದು ಕೇಳಿದ. ಗೊತ್ತಿಲ್ಲ, ಮೊದಲಿಂದಲೇ ಇದ್ದಿರಬಹುದು ಎಂದಳು. ಯಾರದ್ದೂ ತಪ್ಪಿಲ್ಲ ಎನ್ನಲು ಹೊರಟವಳ ಬಾಯಲ್ಲಿ ಬಂದದ್ದು ಬೇರೆ.

“ತಪ್ಪು ನಂದು. ನೀನು ನುಂಗಿದ್ದೀನಿ ಅಂದೆ. ನಾನು ನಂಬಲಿಲ್ಲ.”

ಅಳು ಒತ್ತಿ ಬಂತು. ಅವಳು ಪೊಟ್ಟಣವನ್ನು ಅಪ್ಪನ ತೊಡೆಯ ಮೇಲಿಟ್ಟು, ನೀರಿನ ಲೋಟ ಕಿಟಕಿಯ ಕಟ್ಟೆಯ ಮೇಲಿಟ್ಟು, ಅವನು ನುಂಗುವುದನ್ನು ನೋಡಲು ನಿಲ್ಲದೆ ಅಡುಗೆಮನೆಯ ಕಡೆ ಹೊರಟಳು. ಹಿಂದಿನಿಂದ ಅಪ್ಪ ಕೆಮ್ಮಿದ.

“ಪುಟ್ಟಿ, ಇಲ್ಲಿ ಕೇಳು. ಅಷ್ಟೊಂದು ಹಚ್ಕೋಬೇಡ. ಮೊದಲನೇ ಸುತ್ತಲ್ಲಿ ನಾನೇ ಸ್ವಲ್ಪ ಮಾತ್ರೆ ಎಸೆದಿದ್ದೆ. ಅರ್ಧಂಬರ್ಧ ನುಂಗಿದ್ರೆ ಮೊಂಡಾಗುತ್ತೆ ಅಂದ್ರಲ್ಲ ಡಾಕ್ಟರು, ಅದಕ್ಕೇ ಆಗಿರೋದು. ನಿನ್ನ ಪ್ಲೇಟು ಸರಿಯಾಗೇ ಹೇಳಿತ್ತು.”

ಅವಳು ನಿಂತಳು. ಮತ್ತೆ ಎಲ್ಲ ಕಲಸಿಹೋಯಿತು. ಹಾಗಾದರೆ ಡಾಕ್ಟರು ಹೇಳಿದ್ದೇ ನಿಜವೇ? ಬಡಕಲು ಚುಕ್ಕೆಗಳು ಹುಟ್ಟಿದ್ದು ಹಾಗೆಯೇ? ತಾನು ಅನುಮಾನಪಟ್ಟದ್ದು ಸರಿಯೇ ಇತ್ತೇ? ತಿರುಗಿ ನೋಡಿದಳು. ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತಿದ್ದ. ತಿಂಗಳುಗಳಿಂದ ಬಾಡಿದ್ದ ಮುಖದಲ್ಲಿ ಏನೋ ಬೆಳಕು ಬಂದಿತ್ತು.

“ಒಂದು ಸೋಮವಾರ, ಬೆಳಿಗ್ಗೆ ಎಂಟೂ ಹತ್ತು,” ಎಂದ ಅಪ್ಪ. “ಇದೇ ಕಿಟಕಿಯಿಂದ ಎಸೆದೆ. ಕೆಳಗೆ ನೀಲಿ ಸ್ಕೂಟರ್ ನಿಂತಿತ್ತು, ನಂಬರಿನ ಕೊನೇಲಿ ಎರಡು ಸೊನ್ನೆ. ಅದರ ಸೀಟಿನ ಮೇಲೆ ಕೂತಿದ್ದ ಒಂದು ಕುಂಟು ಕಾಗೆ ಮಾತ್ರೇನ ಗಾಳೀಲೇ ಹಿಡಿದು ನುಂಗಿಬಿಡ್ತು.”

ಚೊಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಣ್ಣೀರು ಕೆನ್ನೆ ದಾಟಿ ಬಾಯಿಗೆ ಬಂತು, ಒರೆಸಿಕೊಳ್ಳಲಿಲ್ಲ. ವಾಪಸ್ಸು ಬಂದು ಕುರ್ಚಿಯ ಪಕ್ಕ ಮೊದಲು ಕೂತಿದ್ದ ಜಾಗದಲ್ಲೇ ಕೂತಳು.

“ಆಮೇಲೆ ಆ ಕಾಗೆಗೆ ಏನಾಯ್ತು, ಅಪ್ಪ?” ಎಂದು ಕೇಳಿದಳು.